ಭಂಡಾರಿ ಬಸವಣ್ಣನೂ ಕೊರೊನಾ ಕಾಲದ ಲೆಕ್ಕವೂ

(ಮಠದ ಮಾಸಿಕ ಶರಣ ಚಿಂತನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ಪೂಜ್ಯರು ಕೊಟ್ಟ ವಿಷಯ 'ಕೊರೊನಾ ಕಲಿಸಿದ ಪಾಠ'. ಈ ಹೆಸರಿನಲ್ಲಿ ಈಗಾಗಲೇ ಬಹಳ ಉಪನ್ಯಾಸಗಳಾಗಿವೆ. ಸ್ವಚ್ಛತೆ ಕಾಪಾಡಬೇಕು, ನಿಸರ್ಗವನ್ನು ಉಳಿಸಬೇಕು, ಸಂಬಂಧಗಳಿಗೆ ಬೆಲೆ ಕೊಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲವೂ ಒಪ್ಪತಕ್ಕ ಮಾತುಗಳೇ. ಆದರೆ ಆ ದಿನಗಳಲ್ಲಿ ನಮ್ಮ ಓಣಿಗಳಲ್ಲಿ, ಆಸ್ಪತ್ರೆಯ ಕಾಂಪೌಂಡಿನಲ್ಲಿ, ಪಡಿತರ ಅಂಗಡಿಯ ಸಾಲಿನಲ್ಲಿ ಜನರ ಬಾಯಿಂದ ಬಂದದ್ದು ಈ ಮಾತುಗಳಲ್ಲ. "ಸರ್ಕಾರ ಅನ್ನೋದು ಐತೋ, ಇಲ್ಲೋ?" ಎಂಬ ಸಿಟ್ಟಿನ ಮಾತು ಬಂದಿತ್ತು. ನಿಮ್ಮಲ್ಲಿ ಅನೇಕರು ಆ ಮಾತನ್ನು ಆಡಿದವರು, ನಾನೂ ಆಡಿದವನು. ಆ ಸಿಟ್ಟು ಎಲ್ಲಿ ಹೋಯಿತು, ಅದರಿಂದ ಏನಾಗಬೇಕಿತ್ತು, ಏನಾಗಲಿಲ್ಲ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಾನು ವಿದ್ವಾಂಸನಲ್ಲ. ಖಜಾನೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಖಜಾನೆ ನೌಕರನಿಗೆ ಚೆನ್ನಾಗಿ ಬರುವ ಭಾಷೆ ಒಂದೇ: ಜಮಾ, ಖರ್ಚು, ಶಿಲ್ಕು. ಹಾಗಾಗಿ ನನಗೆ ಬಸವಣ್ಣನವರು ಮೊದಲು ಕಾಣುವುದು ಭಂಡಾರಿಯಾಗಿ. ವಚನ ಹೇಳಿ ಚಪ್ಪಾಳೆ ಪಡೆಯುವುದು ನಮ್ಮ ವೇದಿಕೆಗಳಲ್ಲಿ ಸುಲಭ. ಇವತ್ತು ನಾನು ಒಂದು ವಚನವನ್ನೂ ಹೇಳುವುದಿಲ್ಲ. ವಚನಕಾರರ ಬದುಕಿನ ಎರಡು ಪ್ರಸಂಗಗಳನ್ನು ಮಾತ್ರ ನೆನಪಿಸುತ್ತೇನೆ.

ಭಂಡಾರ ತೆರೆದು ತೋರಿಸಿದವರು

ಮೊದಲನೆಯ ಪ್ರಸಂಗ ನಿಮಗೆಲ್ಲ ಗೊತ್ತಿರುವುದೇ. ಬಸವಣ್ಣನವರು ಬಿಜ್ಜಳನ ಭಂಡಾರಿ. ಅರಮನೆಯ ಹಣವನ್ನು ಜಂಗಮ ದಾಸೋಹಕ್ಕೆ ಸುರಿಯುತ್ತಿದ್ದಾರೆ ಎಂದು ಕೊಂಡೆಯರು ದೊರೆಗೆ ದೂರು ಹೇಳಿದರು. ಬಿಜ್ಜಳ ಕೇಳಿದ. ಬಸವಣ್ಣನವರು ಭಂಡಾರದ ಬಾಗಿಲು ತೆರೆಸಿ ಎಣಿಸಿ ತೋರಿಸಿದರು. ಒಂದು ಹಣವೂ ಕಡಿಮೆ ಬೀಳಲಿಲ್ಲ ಎಂದು ನಮ್ಮ ಪರಂಪರೆ ಹೇಳುತ್ತದೆ.

ಪುರಾಣ ಹೇಳುವವರು ಇದನ್ನು ಪವಾಡ ಎನ್ನುತ್ತಾರೆ. ಖಾಲಿಯಾದ ಪೆಟ್ಟಿಗೆ ತುಂಬಿತು ಎನ್ನುತ್ತಾರೆ. ನನ್ನಂಥ ಖಜಾನೆ ನೌಕರನಿಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಬೇರೆ. ದೂರು ಕೊಟ್ಟವರ ಉದ್ದೇಶ ಒಳ್ಳೆಯದಾಗಿರಲಿಲ್ಲ. ಆದರೂ ಬಸವಣ್ಣನವರು 'ನನ್ನನ್ನು ಕೇಳುವ ನೀವು ಯಾರು' ಎನ್ನಲಿಲ್ಲ. 'ಇದು ಕಷ್ಟಕಾಲ, ಈಗ ಪ್ರಶ್ನೆ ಕೇಳಬಾರದು' ಎನ್ನಲಿಲ್ಲ. 'ಕೇಳಿದವನು ರಾಜದ್ರೋಹಿ' ಎನ್ನಲಿಲ್ಲ. ಬಾಗಿಲು ತೆರೆದರು, ಎಣಿಸಿ ಎಂದರು. ಪರರ ಹಣ ಕೈಯಲ್ಲಿರುವವನು ಕೇಳಿದಾಗ ಲೆಕ್ಕ ಒಪ್ಪಿಸಬೇಕು. ಇದು ಶರಣಧರ್ಮದ ಆಡಳಿತದ ಮೊದಲ ಪಾಠ. ಕೊರೊನಾ ಕಾಲದಲ್ಲಿ ಜನರಿಗೆ ಬಂದ ಸಿಟ್ಟಿನ ಬುಡದಲ್ಲಿ ಇದ್ದದ್ದೂ ಇದೇ. ರೋಗ ಬಂತೆಂದು ಜನ ಸರ್ಕಾರದ ಮೇಲೆ ಸಿಟ್ಟಾಗಲಿಲ್ಲ. ರೋಗ ಯಾರಿಗೂ ಹೇಳಿ ಬರುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಸಿಕ್ಕ ಉತ್ತರ ನಿಜವಾಗಿರಲಿಲ್ಲ. ಸಿಟ್ಟು ಅದಕ್ಕೆ.

ನಾಲ್ಕು ಗಂಟೆಯ ಅವಧಿ

ಸ್ವಲ್ಪ ನೆನಪು ಮಾಡಿಕೊಳ್ಳೋಣ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರ್ಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಅದೇ ತಿಂಗಳ 24ರಂದು ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆ, ಹನ್ನೆರಡಕ್ಕೆ ಜಾರಿ. ನೂರ ಮೂವತ್ತು ಕೋಟಿ ಜನರಿಗೆ ಸಿಕ್ಕಿದ್ದು ನಾಲ್ಕು ಗಂಟೆ. ಮನೆ ಇದ್ದವನು ಬಾಗಿಲು ಹಾಕಿಕೊಂಡ. ದುಡಿದ ದಿನವೇ ಉಣ್ಣುವವನು ಏನು ಮಾಡಬೇಕು? ನಮ್ಮ ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜನ ಬೆಂಗಳೂರು, ಮುಂಬೈ, ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋದವರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೆದ್ದಾರಿಯಲ್ಲಿ ನಡೆದು ಬಂದದ್ದನ್ನು ನಾವೇ ನೋಡಿದ್ದೇವೆ. ಮೇ ಮೊದಲ ವಾರದಲ್ಲಿ ಬಸ್ಸು ಬಿಟ್ಟಾಗ ಅವರ ಹತ್ತಿರ ಹೆಚ್ಚಿನ ದರ ಕೇಳಿದರು. ಜನ ಕೂಗಿದ ಮೇಲೆ ಉಚಿತ ಎಂದರು.

ಅದಕ್ಕಿಂತ ನೋವಿನ ಸಂಗತಿ ಅದೇ ವಾರ ನಡೆಯಿತು. ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್ ಕಡೆಯ ಕಾರ್ಮಿಕರು ಊರಿಗೆ ಹೋಗಲು ರೈಲು ಹತ್ತಬೇಕಿತ್ತು. ಮೇ 5ರಂದು ಮುಖ್ಯಮಂತ್ರಿಗಳು ಕಟ್ಟಡ ನಿರ್ಮಾಣದ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಮರುದಿನದಿಂದ ರೈಲು ಬೇಡ ಎಂದು ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕಾರ್ಮಿಕರು ಹೋದರೆ ಕಟ್ಟಡ ಕೆಲಸ ನಿಲ್ಲುತ್ತದೆ ಎಂಬುದು ಕಾರಣ. ದೇಶದ ತುಂಬ ಟೀಕೆ ಬಂದಾಗ ಎರಡು ಮೂರು ದಿನದಲ್ಲಿ ನಿರ್ಧಾರ ಬದಲಾಯಿತು. ಆದರೆ ಆ ಪತ್ರ ಹೊರಟಿತ್ತು ಎಂಬುದು ಉಳಿಯುತ್ತದೆ. ಕಾಯಕವನ್ನು ಮನುಷ್ಯ ತಾನಾಗಿ ಒಪ್ಪಿಕೊಂಡು ಮಾಡಬೇಕು ಎಂದವರು ಶರಣರು. ಊರಿಗೆ ಹೋಗುವ ದಾರಿ ಮುಚ್ಚಿ ಮಾಡಿಸಿಕೊಳ್ಳುವ ಕೆಲಸ ಕಾಯಕವಲ್ಲ, ಜೀತ. ಬಸವಣ್ಣನವರ ನಾಡಿನಲ್ಲಿ ಹಾಗೊಂದು ಪತ್ರಕ್ಕೆ ಸಹಿ ಬಿದ್ದಾಗ ನಮ್ಮ ಎಷ್ಟು ವೇದಿಕೆಗಳಿಂದ ಖಂಡನೆ ಬಂತು ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಜೂನ್ ಕೊನೆಗೆ ಬಳ್ಳಾರಿಯ ವಿಡಿಯೊ ಬಂತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಶವಗಳನ್ನು ಎಳೆದು ತಂದು ಒಂದೇ ಗುಂಡಿಗೆ ಎಸೆಯುವುದನ್ನು ನಾಡೆಲ್ಲ ನೋಡಿತು. ನಾವು ಲಿಂಗಾಯತರು ಸತ್ತವರನ್ನು ಕೂರಿಸಿ, ಹಣೆಗೆ ವಿಭೂತಿ ಇಟ್ಟು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣಿಗೆ ಒಪ್ಪಿಸುವವರು. ಆ ದೃಶ್ಯ ನೋಡಿ ನಮ್ಮ ಮುದುಕರು ಅನ್ನ ಬಿಟ್ಟರು. ಆದರೆ ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಜಿಲ್ಲಾಧಿಕಾರಿಗಳು ಅದು ತಮ್ಮ ಸಿಬ್ಬಂದಿಯೇ ಎಂದು ಒಪ್ಪಿಕೊಂಡರು, ಕ್ಷಮೆ ಕೇಳಿದರು, ಆ ತಂಡವನ್ನು ತೆಗೆದರು. ಜನರ ಸಿಟ್ಟು ಅರ್ಧ ಇಳಿಯಿತು. ಒಪ್ಪಿಕೊಂಡರೆ ಸರ್ಕಾರ ಸಣ್ಣದಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಇಂಥ ಸಾಕ್ಷಿಗಳು ಆ ಎರಡು ವರ್ಷಗಳಲ್ಲಿ ಬಹಳ ಕಡಿಮೆ.

ಬಸವಕಲ್ಯಾಣದ ಉಪಚುನಾವಣೆ

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 500 ಕೋಟಿ ರೂಪಾಯಿಯ ಯೋಜನೆ. ನಮಗೆಲ್ಲ ಹೆಮ್ಮೆಯ ದಿನ, ಅದರಲ್ಲಿ ಅನುಮಾನ ಬೇಡ. ಮೂರು ತಿಂಗಳ ನಂತರ, ಏಪ್ರಿಲ್ 17ರಂದು, ಅದೇ ಬಸವಕಲ್ಯಾಣದಲ್ಲಿ ಉಪಚುನಾವಣೆ. ಯಾಕೆ ಬಂತು ಆ ಚುನಾವಣೆ? ಅಲ್ಲಿಯ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಹಿಂದಿನ ಸೆಪ್ಟೆಂಬರಿನಲ್ಲಿ ಕೊರೊನಾದಿಂದ ತೀರಿಕೊಂಡಿದ್ದರು. ಅದೇ ದಿನ ಬೆಳಗಾವಿ ಲೋಕಸಭೆಗೂ ಉಪಚುನಾವಣೆ. ಕೇಂದ್ರ ಸಚಿವರಾಗಿದ್ದ ಸುರೇಶ ಅಂಗಡಿಯವರೂ ಅದೇ ರೋಗಕ್ಕೆ ಬಲಿಯಾಗಿದ್ದರು.

ರೋಗ ಇಬ್ಬರು ಜನಪ್ರತಿನಿಧಿಗಳನ್ನು ಒಯ್ದದ್ದರಿಂದ ಬಂದ ಚುನಾವಣೆಗಳಿವು. ರಾಜ್ಯದ ತಾಂತ್ರಿಕ ಸಲಹಾ ಸಮಿತಿ ಎರಡನೇ ಅಲೆಗೆ ಸಿದ್ಧರಾಗಿ ಎಂದು ಹಿಂದಿನ ವರ್ಷದ ಕೊನೆಯಲ್ಲೇ ಎಚ್ಚರಿಸಿತ್ತು. ಏಪ್ರಿಲ್ ಹೊತ್ತಿಗೆ ಅಲೆ ಏರುತ್ತಿತ್ತು. ಆದರೂ ಎಲ್ಲ ಪಕ್ಷಗಳ ದೊಡ್ಡ ನಾಯಕರು ಬಂದರು, ಮೆರವಣಿಗೆ ಮಾಡಿದರು, ಸಭೆ ತುಂಬಿಸಿದರು. ಇದರಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದ ಇರಲಿಲ್ಲ. ಮದುವೆಗೆ ಐವತ್ತು ಜನ ಸಾಕು ಎಂದು ನಮಗೆ ನಿಯಮ ಹೇಳಿದವರೇ ಸಾವಿರ ಜನರ ಮುಂದೆ ಮೈಕು ಹಿಡಿದರು. ಹನ್ನೆರಡನೆಯ ಶತಮಾನದಲ್ಲಿ ಮಾತಿಗೂ ನಡೆಗೂ ಅಂತರ ಇರಬಾರದು ಎಂದು ಜಗಳ ತೆಗೆದ ಊರು ಅದು.

ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ ದಾಖಲಾದವು.

ಉಸಿರಿನ ಲೆಕ್ಕ

ಮೇ 2ರ ರಾತ್ರಿ, 3ರ ಬೆಳಗಿನ ಜಾವ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದು ದಿನದೊಳಗೆ 24 ಜನ ತೀರಿಕೊಂಡರು. ಸಿಲಿಂಡರ್ ಯಾರು ಕಳಿಸಬೇಕಿತ್ತು, ಯಾರು ತಡೆದರು ಎಂದು ಜಿಲ್ಲೆ ಜಿಲ್ಲೆಗಳ ನಡುವೆ ಮಾತು ಬೆಳೆಯಿತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ, ಉಳಿದವರು ಬೇರೆ ಬೇರೆ ಕಾರಣಕ್ಕೆ ಎಂದು ಆರೋಗ್ಯ ಸಚಿವರು ಹೇಳಿದರು. ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಆ ಸಮಿತಿ ಮೂರು ಎಂಬ ಲೆಕ್ಕವನ್ನು ಒಪ್ಪಲಿಲ್ಲ.

ಇಡೀ ರಾಜ್ಯದ ಕಥೆಯೂ ಬೇರೆಯಾಗಿರಲಿಲ್ಲ. ಕರ್ನಾಟಕಕ್ಕೆ ದಿನಕ್ಕೆ ಹಂಚಿಕೆಯಾಗುತ್ತಿದ್ದ ಆಮ್ಲಜನಕ 965 ಟನ್. ಅದನ್ನು 1,200 ಟನ್ನಿಗೆ ಏರಿಸಿ ಎಂದು ನಮ್ಮ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಸರ್ಕಾರ ಆ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಮೇ 7ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶದಲ್ಲಿ ಕೈ ಹಾಕಲು ನಿರಾಕರಿಸಿತು. ಜನರಿಗೆ ಉಸಿರು ಕೊಡಿಸಲು ನ್ಯಾಯಾಧೀಶರು ಟನ್ನಿನ ಲೆಕ್ಕ ಹಾಕುತ್ತ ಕೂರಬೇಕಾಯಿತು. ಅವರು ಹಾಕಿದರಲ್ಲ, ಅದಕ್ಕೆ ನಾವು ಕೃತಜ್ಞರಾಗಿರಬೇಕು.

ಎರಡು ತಿಂಗಳು ಕಳೆಯಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಉತ್ತರ ಕೊಟ್ಟಿತು: ಆಮ್ಲಜನಕದ ಕೊರತೆಯಿಂದ ಸಾವಾಗಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ತಾಂತ್ರಿಕವಾಗಿ ಆ ಉತ್ತರ ಸರಿ ಇರಬಹುದು. ರಾಜ್ಯ ಬರೆಯಲಿಲ್ಲ, ಕೇಂದ್ರ ಕೇಳಲಿಲ್ಲ, ಪುಸ್ತಕದಲ್ಲಿ ಸೊನ್ನೆ ಉಳಿಯಿತು. ನಮ್ಮ ಖಜಾನೆಯಲ್ಲಿ ಇಂಥ ಲೆಕ್ಕ ತಂದರೆ ಮೇಲಧಿಕಾರಿ ಪುಸ್ತಕವನ್ನು ಮುಖಕ್ಕೆ ಎಸೆಯುತ್ತಿದ್ದರು.

ಸತ್ತವರನ್ನು ಎಣಿಸದ ಪುಸ್ತಕ

2020, 2021 ಎರಡೂ ವರ್ಷ ಸೇರಿ ಸರ್ಕಾರ ಹೇಳಿದ ಕೊರೊನಾ ಸಾವು ದೇಶದಲ್ಲಿ 4.8 ಲಕ್ಷದ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜು ಮಾಡಿದ್ದು 47 ಲಕ್ಷ ಹೆಚ್ಚುವರಿ ಸಾವು. ಲೆಕ್ಕ ಹಾಕಿದ ವಿಧಾನವೇ ಸರಿಯಿಲ್ಲ ಎಂದು ಸರ್ಕಾರ ಆಕ್ಷೇಪಿಸಿತು. ಆಕ್ಷೇಪಿಸುವ ಹಕ್ಕು ಅದಕ್ಕಿದೆ. ಹಾಗಾದರೆ ಸರ್ಕಾರದ್ದೇ ಪುಸ್ತಕ ನೋಡೋಣ. ಜನನ ಮರಣ ನೋಂದಣಿಯ ಪ್ರಕಾರ ದೇಶದಲ್ಲಿ ನೋಂದಣಿಯಾದ ಸಾವು 2019ರಲ್ಲಿ ಸುಮಾರು 76 ಲಕ್ಷ, 2020ರಲ್ಲಿ 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಏರಿತು. ನೋಂದಣಿ ಸುಧಾರಿಸಿದ್ದೂ ಸ್ವಲ್ಪ ಕಾರಣ ಇರಬಹುದು. ಆದರೆ ಉಳಿದ ಲಕ್ಷಾಂತರ ಜನ ಯಾವ ಕಾರಣಕ್ಕೆ ಹೋದರು? 2021ರ ಅಂಕಿ ಪ್ರಕಟವಾದದ್ದು 2025ರಲ್ಲಿ, ನಾಲ್ಕು ವರ್ಷ ತಡವಾಗಿ.

ಈ ಲಕ್ಷಗಳಲ್ಲಿ ನಮ್ಮ ಮನೆಯ ಒಬ್ಬನಿದ್ದಾನೆ. ನನ್ನ ಅಕ್ಕನ ಮಗ, ನಲವತ್ತೊಂದು ವರ್ಷ, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಮೇ ತಿಂಗಳಲ್ಲಿ ಜ್ವರ, ಕೆಮ್ಮು. ಸ್ಕ್ಯಾನಿಂಗ್‌ನಲ್ಲಿ ಎದೆ ತುಂಬ ಬಿಳಿ. ಗಂಟಲು ದ್ರವದ ವರದಿ ಬರಲಿಲ್ಲ. ಮೂರು ಆಸ್ಪತ್ರೆ ಸುತ್ತಿ, ನಾಲ್ಕನೆಯದರ ಬಾಗಿಲಲ್ಲಿ ಅಂಬುಲೆನ್ಸಿನಲ್ಲೇ ತೀರಿಕೊಂಡ. ಅವರು ಕೊಟ್ಟ ಚೀಟಿಯಲ್ಲಿ ಸಾವಿನ ಕಾರಣ 'ಹೃದಯಾಘಾತ'. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ಆಗ ಎಲ್ಲ ಕಡೆ ಅದೇ ಪಾಡು. ಮುಂದೆ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಮೃತರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ಗೊತ್ತಾಯಿತು. ಮರಣಪತ್ರದಲ್ಲಿ ಕೊರೊನಾ ಎಂದು ಬರೆದಿಲ್ಲ ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದು ಎಂದು ನ್ಯಾಯಾಲಯವೇ ಹೇಳಿತು. ಅರ್ಜಿ ಬರೆಯಲು ನಾನು ಕುಳಿತೆ. ಅವನ ಹೆಂಡತಿ ಸಹಿ ಮಾಡುವ ಮುಂಚೆ ನನ್ನನ್ನು ಕೇಳಿದಳು: "ಮಾವಾರ, ದುಡ್ಡು ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ಅವರು ಯಾಕ ಹೋದ್ರು ಅಂತ ಒಂದು ಕಾಗದದಾಗ ಖರೇ ಬರದು ಕೊಡ್ತಾರೇನ್ರಿ?"

ಕೊನೆಗೆ ಹಣ ಬಂತು. ಆ ಚೀಟಿಯಲ್ಲಿ ಮಾತ್ರ ಇವತ್ತಿಗೂ ಹೃದಯಾಘಾತ ಎಂದೇ ಇದೆ. ಆಕೆಗೆ ಬೇಕಾಗಿದ್ದದ್ದು ಒಂದು ಸಾಲಿನ ಸತ್ಯ. ಪರಿಹಾರ ಕೊಡುವುದು ಸರ್ಕಾರಕ್ಕೆ ಕಷ್ಟವಾಗಲಿಲ್ಲ, ಆ ಒಂದು ಸಾಲು ಬರೆಯುವುದು ಕಷ್ಟವಾಯಿತು. ಜನರ ಸಿಟ್ಟನ್ನು ಅರ್ಥ ಮಾಡಿಕೊಳ್ಳಬೇಕಾದವರು ಆಕೆಯ ಮಾತನ್ನು ಅರ್ಥ ಮಾಡಿಕೊಂಡರೆ ಸಾಕು.

ಲಕ್ಕಮ್ಮನ ಅಕ್ಕಿ

ಇನ್ನೊಂದು ಪ್ರಸಂಗ ಹೇಳುತ್ತೇನೆಂದೆ. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಗಂಡನಿಗೆ ಮುಖ ಕೊಟ್ಟು ಹೇಳಿದರು, ನಮಗೆ ಬೇಕಾದಷ್ಟೇ ಸಾಕು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು. ಅಕ್ಕಿಯಲ್ಲೂ ಹೆಚ್ಚುವರಿ ಬೇಡ ಎಂದ ತಾಯಿಯ ನಾಡಿನಲ್ಲಿ, ಸಾವಿನ ಕಾಲದಲ್ಲಿ, ಹಾಸಿಗೆ ಮಾರಿಕೊಂಡರು, ಚುಚ್ಚುಮದ್ದನ್ನು ಕಾಳಸಂತೆಯಲ್ಲಿ ಮಾರಿದರು.

ಸರ್ಕಾರದ ಖರೀದಿಯ ಮೇಲೂ ಆಪಾದನೆಗಳು ಬಂದವು. 2023ರಲ್ಲಿ ಬಂದ ಹೊಸ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಅವರ ಆಯೋಗ ನೇಮಿಸಿತು. 2024ರ ಆಗಸ್ಟ್ ಕೊನೆಗೆ ಮಧ್ಯಂತರ ವರದಿ ಬಂತು. ಪಿಪಿಇ ಕಿಟ್ ಮೊದಲಾದವುಗಳ ಖರೀದಿಯಲ್ಲಿ ಅಕ್ರಮ ಕಂಡಿದೆ ಎಂದು ಆಯೋಗ ಹೇಳಿದೆ. ಇದು ರಾಜಕೀಯ ಸೇಡು ಎಂದು ಆಪಾದಿತರು ಹೇಳುತ್ತಾರೆ. ತೀರ್ಪು ಕೊಡಬೇಕಾದದ್ದು ನ್ಯಾಯಾಲಯ, ನಾವಲ್ಲ. ಆದರೆ ಲೆಕ್ಕ ಕೇಳುವುದು ಸೇಡು ಆಗಬಾರದು ಎಂದಾದರೆ, ಅಧಿಕಾರದಲ್ಲಿ ಇರುವಾಗಲೇ ಲೆಕ್ಕ ಒಪ್ಪಿಸುವ ರೂಢಿ ಬರಬೇಕು. ಇಂದಿನ ಸರ್ಕಾರಕ್ಕೂ ಇದೇ ಮಾತು. ಹಿಂದಿನವರ ಪುಸ್ತಕ ತೆರೆಯುವ ಕೈ ತನ್ನ ಪುಸ್ತಕವನ್ನೂ ತೆರೆದಿಡಬೇಕು.

ಕಾಯಕಕ್ಕೆ ಸಲ್ಲಬೇಕಾದ ಬೆಲೆಯ ಲೆಕ್ಕವೂ ಇದೆ. 2020ರ ಮಾರ್ಚ್ 22ರಂದು ನಾವೆಲ್ಲ ಮಾಳಿಗೆ ಮೇಲೆ ನಿಂತು ಚಪ್ಪಾಳೆ ತಟ್ಟಿದೆವು. ಮನೆಮನೆ ತಿರುಗಿ ಜ್ವರ ಬರೆದುಕೊಂಡವರು ನಮ್ಮ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು. ನಾಲ್ಕೇ ತಿಂಗಳಲ್ಲಿ, ಜುಲೈನಲ್ಲಿ, ಅವರೇ ಮುಷ್ಕರಕ್ಕೆ ಕೂರಬೇಕಾಯಿತು. ಕೇಳಿದ್ದು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷಾ ಸಾಮಗ್ರಿ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಕುಳಿತರು. ಆಗ ಸಿಕ್ಕ ಭರವಸೆ 10,000. ಸರ್ಕಾರ ಬದಲಾಯಿತು, ಅವರು ಕೂರುವ ಜಾಗ ಬದಲಾಗಲಿಲ್ಲ. ಚಪ್ಪಾಳೆಯಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.

ಸಿಟ್ಟು ದಾರಿ ತಪ್ಪಿದ್ದು

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೆ ತಿರುಗೋಣ. ನ್ಯಾಯವಾದ ಸಿಟ್ಟು ಜನರಲ್ಲಿತ್ತು. ಅದು ಉತ್ತರ ಕೊಡಬೇಕಾದವರ ಬಾಗಿಲಿಗೆ ಹೋಗಲಿಲ್ಲ, ಬೇರೆ ಕಡೆ ಹರಿಯಿತು.

ಕೆಲವು ಕಡೆ ಬಡವರ ಮೇಲೆ, ಆಶಾ ಕಾರ್ಯಕರ್ತೆಯರ ಮೇಲೆ, ವೈದ್ಯರ ಮೇಲೆ ಹರಿಯಿತು. 2021ರ ಮೇನಲ್ಲಿ ಬೆಂಗಳೂರಿನ ಹಾಸಿಗೆ ಹಂಚುವ ವಾರ್ ರೂಮಿನಲ್ಲಿ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಇದ್ದರು. ಜನಪ್ರತಿನಿಧಿಗಳು ಅಲ್ಲಿಗೆ ಹೋಗಿ ಓದಿದ್ದು ಒಂದೇ ಧರ್ಮದ ಹುಡುಗರ ಹದಿನೇಳು ಹೆಸರು. ಹಾಸಿಗೆ ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆಯನ್ನು ಆ ಪಟ್ಟಿ ನುಂಗಿ ಹಾಕಿತು. ಜಾತಿ ಕುಲ ಕೇಳಬೇಡ ಎಂಬುದು ನಮಗೆ ದೀಕ್ಷೆಯ ಜೊತೆಗೇ ಬಂದ ಮಾತು. ಆ ದಿನ ನಮ್ಮ ಎಷ್ಟು ಮೊಬೈಲುಗಳಿಂದ ಆ ಪಟ್ಟಿ ಮುಂದಕ್ಕೆ ಹೋಯಿತು?

ಇನ್ನು ಕೆಲವರ ಸಿಟ್ಟು ಹಣೆಬರಹದಲ್ಲಿ ಕರಗಿತು. "ಅವರ ಋಣ ತೀರಿತ್ತು" ಎಂದರು. ಸಮಾಧಾನಕ್ಕೆ ಆಡಿದ ಮಾತು, ನಾನು ಹಂಗಿಸುವುದಿಲ್ಲ. ಆದರೆ ಆಮ್ಲಜನಕದ ಸಿಲಿಂಡರ್ ಬಾರದೆ ಹೋದದ್ದನ್ನು ಬ್ರಹ್ಮಲಿಖಿತ ಎನ್ನುವುದು ಶರಣರು ಒಪ್ಪುವ ಮಾತಲ್ಲ. ಅವರು ಪಂಚಾಂಗ, ಶಕುನ, ಹಣೆಬರಹಗಳನ್ನು ಬದಿಗೆ ಸರಿಸಿದ್ದೇ ಮನುಷ್ಯ ಮಾಡಿದ್ದಕ್ಕೆ ಮನುಷ್ಯನೇ ಹೊಣೆ ಎಂಬ ಕಾರಣಕ್ಕೆ.

ಇನ್ನು ನಮ್ಮ ಸಮಾಜದ ಮಾತು. ಪೂಜ್ಯರ ಸಮ್ಮುಖದಲ್ಲಿ ವಿನಯದಿಂದ, ಆದರೆ ಮುಚ್ಚಿಡದೆ ಹೇಳುತ್ತೇನೆ. ಆ ಎರಡು ವರ್ಷ ನಮ್ಮ ಮಠಗಳು ದೊಡ್ಡ ಕೆಲಸ ಮಾಡಿದವು. ದಾಸೋಹದ ಒಲೆ ಆರಲಿಲ್ಲ. ವಿದ್ಯಾರ್ಥಿನಿಲಯಗಳನ್ನು ಆರೈಕೆ ಕೇಂದ್ರಗಳಿಗೆ ಬಿಟ್ಟುಕೊಟ್ಟ ಮಠಗಳಿವೆ. ಯಾವ ಜಾತಿಯವನೆಂದು ಕೇಳದೆ ಬುತ್ತಿ ಕಟ್ಟಿ ಕಳಿಸಿದ ತಾಯಂದಿರು ಇಲ್ಲೇ ಕುಳಿತಿದ್ದೀರಿ. ಆದರೆ 2021ರ ಜುಲೈನಲ್ಲಿ ಬೆಂಗಳೂರಿನಲ್ಲಿ ನೂರಾರು ಸ್ವಾಮಿಗಳು ಸೇರಿದ್ದು ಯಾವ ವಿಷಯಕ್ಕೆ? ಮುಖ್ಯಮಂತ್ರಿಗಳ ಕುರ್ಚಿ ಉಳಿಯಲಿ ಎಂದು. ಚಾಮರಾಜನಗರ ನಡೆದು ಆಗ ಮೂರು ತಿಂಗಳೂ ಆಗಿರಲಿಲ್ಲ. ಅಲ್ಲಿ ಸತ್ತವರ ಲೆಕ್ಕ ಕೊಡಿ ಎಂದು ಅಷ್ಟು ದೊಡ್ಡ ಸಭೆ ಸೇರಲಿಲ್ಲ. ಮುಖ್ಯಮಂತ್ರಿ ನಮ್ಮ ಸಮಾಜದವರು ಎಂಬ ಅಭಿಮಾನ ತಪ್ಪಲ್ಲ. ನಮ್ಮವರಾದ್ದರಿಂದ ಕೇಳಬಾರದು ಎಂಬುದು ತಪ್ಪು. ಬಸವಣ್ಣನವರನ್ನು ನಂಬಿದವರು ನಮ್ಮವರನ್ನೇ ಮೊದಲು ಕೇಳಬೇಕು. ಲಕ್ಕಮ್ಮನವರು ಕೇಳಿದ್ದು ನೆರೆಮನೆಯವನನ್ನಲ್ಲ, ಮನೆಯ ಯಜಮಾನನನ್ನು.

ದಾಸೋಹದ ಬಗ್ಗೆಯೂ ಒಂದು ಎಚ್ಚರ ಬೇಕು. ಸರ್ಕಾರ ಮಾಡಬೇಕಾದ್ದನ್ನು ಮಾಡದಿದ್ದಾಗ ಮಠ ಅನ್ನ ಹಾಕಬೇಕು, ನಿಜ. ಆದರೆ ಅನ್ನ ಹಾಕಿದ ಕೈ, ಇದು ಯಾಕೆ ಬೇಕಾಯಿತು ಎಂದು ಕೇಳದೆ ಇದ್ದರೆ, ನಮ್ಮ ದಾಸೋಹವೇ ಸರ್ಕಾರದ ವೈಫಲ್ಯಕ್ಕೆ ಹೊದಿಕೆ ಆಗುತ್ತದೆ.

ನಾವು ಮಾಡಬಹುದಾದದ್ದು

ಸರ್ಕಾರಗಳು ಏನೂ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಮೊದಲ ಅಲೆಯಲ್ಲಿ ಸಂಪರ್ಕಿತರನ್ನು ಹುಡುಕಿದ ಕರ್ನಾಟಕದ ಕ್ರಮವನ್ನು ಕೇಂದ್ರವೇ ಮಾದರಿ ಎಂದು ಹೊಗಳಿತ್ತು. 2021ರ ಅಕ್ಟೋಬರಿಗೆ ದೇಶದಲ್ಲಿ ನೂರು ಕೋಟಿ ಡೋಸ್ ಲಸಿಕೆ ಹಾಕಿ ಮುಗಿಸಿದ್ದು ಸಣ್ಣ ಕೆಲಸವಲ್ಲ. ಮಾಡಿದ ಕೆಲಸವನ್ನು ಜಮಾ ಬದಿಗೆ ಬರೆಯಲೇಬೇಕು. ಖರ್ಚಿನ ಬದಿಯನ್ನು ಹರಿದು ಹಾಕಬಾರದು, ಅಷ್ಟೇ.

ಇನ್ನೊಂದು ವಿಷಯ ನೆನಪಿರಲಿ. ಕೊರೊನಾ ಬಂದಾಗ ದೇಶ ಕೈಗೆತ್ತಿಕೊಂಡದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು. ಮುಂಬೈ ಪ್ರಾಂತದಲ್ಲಿ ಪ್ಲೇಗ್ ಹಬ್ಬಿದಾಗ ಬ್ರಿಟಿಷರು ಮಾಡಿದ ಪುಟ್ಟ ಕಾಯ್ದೆ, ನಾಲ್ಕೇ ಕಲಮು. ಸರ್ಕಾರ ಏನೇನು ಮಾಡಬಹುದು ಎಂದು ಅದರಲ್ಲಿದೆ. ಮೀರಿದವನಿಗೆ ಶಿಕ್ಷೆ ಇದೆ. ಅಧಿಕಾರಿಯ ಮೇಲೆ ದಾವೆ ಹೂಡಬಾರದು ಎಂಬ ರಕ್ಷಣೆಯೂ ಇದೆ. ಜನರಿಗೆ ಸರ್ಕಾರ ಏನು ಕೊಡಲೇಬೇಕು ಎಂಬ ಕಲಮು ಮಾತ್ರ ಇಲ್ಲ. ಪರದೇಶದ ದೊರೆಗೆ ಆ ಕಾಯ್ದೆ ಸಾಕಾಗಿತ್ತು. ಮತ ಹಾಕಿ ಆರಿಸಿದ ಸರ್ಕಾರಕ್ಕೆ ಅಷ್ಟು ಸಾಲದು ಎಂದು ಹೇಳಬೇಕಾದವರು ನಾವು.

ಹಾಗಾದರೆ ನಾಳೆ ಬೆಳಿಗ್ಗೆ ನಾವು ಏನು ಮಾಡಬಹುದು? ನಾಲ್ಕು ಕೆಲಸ ಹೇಳುತ್ತೇನೆ.

ಒಂದು, ಆ ಕಾಲದಲ್ಲಿ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಆಮ್ಲಜನಕದ ಘಟಕ, ವೆಂಟಿಲೇಟರ್ ಬಂದಿದ್ದರೆ ಅವು ಇವತ್ತು ನಡೆಯುತ್ತಿವೆಯೇ, ಅವನ್ನು ನಡೆಸುವವರು ಇದ್ದಾರೆಯೇ ಎಂದು ಹೋಗಿ ಕೇಳಿ. ಬಾಯಿಮಾತಿನ ಉತ್ತರ ಬೇಡ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಮ್ಮ ಕೈಯಲ್ಲಿದೆ, ಅರ್ಜಿಯ ಶುಲ್ಕ ಹತ್ತು ರೂಪಾಯಿ.

ಎರಡು, ಗ್ರಾಮಸಭೆಗೆ ಹೋಗಿ. ನಮ್ಮೂರಲ್ಲಿ 2020 ಮತ್ತು 2021ರಲ್ಲಿ ತೀರಿಕೊಂಡವರು ಎಷ್ಟು, ಅದಕ್ಕೆ ಹಿಂದಿನ ಎರಡು ವರ್ಷ ಎಷ್ಟು ಎಂದು ಕೇಳಿ ಬರೆದಿಡಿ. ಮಠದಲ್ಲಿ ಒಂದು ಪುಸ್ತಕ ಇಡೋಣ. ಯಾವ ಜಾತಿಯವರಾಗಲಿ, ಯಾವ ಧರ್ಮದವರಾಗಲಿ, ಹೆಸರು, ವಯಸ್ಸು, ಹೇಗೆ ಹೋದರು ಎಂಬುದನ್ನು ಮನೆಯವರು ಹೇಳಿದಂತೆ ಬರೆಯೋಣ. ಅಕ್ಕನ ಸೊಸೆ ಕೇಳಿದ ಆ ಒಂದು ಸಾಲನ್ನು ಸರ್ಕಾರ ಬರೆಯದಿದ್ದರೆ ಸಮಾಜವಾದರೂ ಬರೆಯಲಿ.

ಮೂರು, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಗೌರವಧನ ತಿಂಗಳು ತಿಂಗಳಿಗೆ ಬರುತ್ತದೆಯೇ ಎಂದು ಕೇಳಿ. ಬಸವ ಜಯಂತಿಗೆ ಶಾಲು ಹೊದಿಸುವುದರ ಜೊತೆಗೆ, ಆಕೆ ಧರಣಿಗೆ ಕುಳಿತ ದಿನ ಅವಳ ಪಕ್ಕ ಹೋಗಿ ಕೂರೋಣ.

ನಾಲ್ಕನೆಯದು ನಮ್ಮ ಬುಡಕ್ಕೇ ಬರುತ್ತದೆ. ಆ ಕಾಲದಲ್ಲಿ ಭಕ್ತರು ಮಠಗಳಿಗೆ, ಸಂಘಗಳಿಗೆ ಕೊಟ್ಟ ಹಣ, ಧಾನ್ಯ ಎಷ್ಟು, ಖರ್ಚಾದದ್ದು ಎಷ್ಟು ಎಂದು ಈ ಪತ್ರಿಕೆಯಲ್ಲೇ ಅಚ್ಚಾಗಲಿ. ನಮ್ಮ ಭಂಡಾರದ ಬಾಗಿಲು ತೆರೆಯದೆ ಸರ್ಕಾರದ ಬಾಗಿಲು ಬಡಿಯುವ ನೈತಿಕ ಬಲ ನಮಗೆ ಬರುವುದಿಲ್ಲ.

ಮುಂದಿನ ರೋಗ ಯಾವಾಗ ಬರುತ್ತದೋ ಯಾರಿಗೂ ತಿಳಿಯದು. ಬಂದಾಗ ಮತ್ತೆ ಸಿಟ್ಟು ಬರುತ್ತದೆ. ಆಗ ಆ ಸಿಟ್ಟನ್ನು ನೆರೆಯವನ ಮೇಲೆ ಎಸೆಯದೆ, ಹಣೆಬರಹಕ್ಕೆ ಒಪ್ಪಿಸದೆ, ಒಂದು ಹಾಳೆಯ ಮೇಲೆ ಪ್ರಶ್ನೆಯಾಗಿ ಬರೆದು, ಉತ್ತರ ಬರುವವರೆಗೆ ಕಚೇರಿಯ ಬಾಗಿಲು ಬಿಡದ ಹತ್ತು ಜನ ಪ್ರತಿ ಊರಿನಲ್ಲಿ ಇರಲಿ. ಆ ಹತ್ತು ಜನರಲ್ಲಿ ಇಬ್ಬರಾದರೂ ಇಷ್ಟಲಿಂಗ ಕಟ್ಟಿಕೊಂಡವರಿರಲಿ ಎಂಬುದು ನನ್ನ ಆಸೆ.